ತೋಟಕ್ಕೂ ರಜೆ, ನಿಮಗೂ ರಜೆ: ಹಿಮದ ನಾಡಿನ ಕನ್ನಡಿಗ ತೋಟಗಾರರಿಗೆ ಚಳಿಗಾಲದ ಮಾರ್ಗದರ್ಶಿ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಮಾರುಕಟ್ಟೆಗಳಲ್ಲಿ ಅವರೆಕಾಯಿ ರಾಶಿ ಬೀಳುತ್ತದೆ. ಊರಿನವರು ಫೋನಿನಲ್ಲಿ ಸೊಗಡು ಅವರೆಯ ಸುದ್ದಿ ಹೇಳುತ್ತಾರೆ, ಹಿತ್ತಲಿನ ಸೇವಂತಿಗೆಯ ಫೋಟೊ ಕಳಿಸುತ್ತಾರೆ. ಅದೇ ಹೊತ್ತಿಗೆ ಚಿಕಾಗೋದ ಹಿತ್ತಲಲ್ಲಿ ನೆಲಕ್ಕೆ ಗುದ್ದಲಿ ಹಾಕಿದರೆ ಠಣ್ ಅನ್ನುತ್ತದೆ. ಕರ್ನಾಟಕದಲ್ಲಿ ಚಳಿಗಾಲ ಕೈತೋಟದ ಸುಗ್ಗಿಯ ಕಾಲ. ಇಲ್ಲಿ ಅದೇ ಬಿಡುವಿನ ಕಾಲ. ನಮ್ಮಲ್ಲಿ ಬಹಳ ಜನಕ್ಕೆ ಈ ಬಿಡುವನ್ನು ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಕೈ ಸುಮ್ಮನಿರದೆ ಜನವರಿಯಲ್ಲೇ ಬದನೆ ಬೀಜ ಹಾಕಿ, ಕಡ್ಡಿಯಂತಾದ ಸಸಿಗಳನ್ನು ಏಪ್ರಿಲ್‌ವರೆಗೆ ಸಾಕುತ್ತಾ ಕೂರುತ್ತಾರೆ.

ನನ್ನ ಲೆಕ್ಕ ಸುಲಭ. ಚಳಿಗಾಲವನ್ನು ಸಂಕ್ರಾಂತಿಗೆ ಎರಡು ಭಾಗ ಮಾಡಿ. ಸಂಕ್ರಾಂತಿಯವರೆಗೆ ನಿಜವಾದ ರಜೆ, ಯೋಜನೆಯೂ ಬೇಡ. ಸಂಕ್ರಾಂತಿ ಆದ ಮೇಲೆ ನೋಡುವುದು, ಓದುವುದು, ಆರಿಸುವುದು. ಮಣ್ಣು ಕಲಸುವುದು ಮಾರ್ಚ್‌ಗೆ.

ಕೆಳಗಿನ ತಾರೀಕುಗಳೆಲ್ಲ ಚಿಕಾಗೋ ಸುತ್ತಮುತ್ತಲಿನವು. ನ್ಯೂಜೆರ್ಸಿ, ಮಿಷಿಗನ್, ಟೊರಾಂಟೊ ಕಡೆಯವರು ಒಂದೆರಡು ವಾರ ಆಚೀಚೆ ಮಾಡಿಕೊಳ್ಳಿ.

ಮೊದಲು ನಿಮ್ಮ ಬಿಡುವು ಎಷ್ಟು ಉದ್ದ ಅಂತ ತಿಳಿಯಿರಿ

ಮೂರು ವಿಷಯ ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ.

ಒಂದು, ಫ್ರಾಸ್ಟ್ ದಿನಗಳು, ಅಂದರೆ ರಾತ್ರಿಯ ಇಬ್ಬನಿ ಹೆಪ್ಪುಗಟ್ಟಿ ಎಳೆ ಗಿಡಗಳನ್ನು ಕೊಲ್ಲುವ ದಿನಗಳು. ಇಲ್ಲಿ ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದ ನಂತರ ಮೊದಲ ಫ್ರಾಸ್ಟ್ ಬೀಳುತ್ತದೆ. ವಸಂತದಲ್ಲಿ ಮೇ 15 ದಾಟಿದರೆ ನೆಮ್ಮದಿ. ಅಂದರೆ ಸರಿಸುಮಾರು ಏಳು ತಿಂಗಳು ಹೀರೆ, ಬದನೆ, ಬೆಂಡೆಗೆ ಹೊರಗೆ ಜಾಗವಿಲ್ಲ.

ಎರಡು, ನಿಮ್ಮ ಜೋನ್, ಅಂದರೆ ನಿಮ್ಮ ಊರು ಬರುವ ಚಳಿಯ ವಲಯ. ಅಮೆರಿಕದ ಕೃಷಿ ಇಲಾಖೆ 2023ರಲ್ಲಿ ಹೊಸ ನಕ್ಷೆ ಬಿಟ್ಟಿದೆ. ಚಿಕಾಗೋ ಆಸುಪಾಸು 5ಬಿ, 6ಎ ಎಂದು ಅದರಲ್ಲಿ ಕಾಣುತ್ತದೆ. ಇಲ್ಲೊಂದು ಗೊಂದಲ ಎಲ್ಲರಿಗೂ ಇದೆ. ಜೋನ್ ಸಂಖ್ಯೆ ಹೇಳುವುದು ಚಳಿಗಾಲದ ಅತಿ ಕಡಿಮೆ ಉಷ್ಣತೆಯ 30 ವರ್ಷದ ಸರಾಸರಿಯನ್ನು ಮಾತ್ರ. ಯಾವ ಗಿಡ ಚಳಿಗಾಲವನ್ನು ಹೊರಗೇ ಕಳೆದು ಬದುಕುತ್ತದೆ ಅನ್ನುವುದು ಅದರಿಂದ ತಿಳಿಯುತ್ತದೆ. ಯಾವಾಗ ಬೀಜ ಹಾಕಬೇಕು ಅನ್ನುವುದು ತಿಳಿಯುವುದಿಲ್ಲ.

ಮೂರು, ಬೆಳಕು. ಇದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಡಿಸೆಂಬರ್ 21ರಂದು ಚಿಕಾಗೋದಲ್ಲಿ ಹಗಲು 9 ಗಂಟೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಬೆಂಗಳೂರಿನಲ್ಲಿ ಅದೇ ದಿನ 11 ಗಂಟೆ ದಾಟಿರುತ್ತದೆ. ಹಗಲು 10 ಗಂಟೆಗಿಂತ ಕಡಿಮೆಯಾದರೆ ಹೆಚ್ಚಿನ ಗಿಡಗಳ ಬೆಳವಣಿಗೆ ನಿಂತಂತೆಯೇ. ಇಲ್ಲಿ ಆ ಕಾಲ ನವೆಂಬರ್ ಎರಡನೇ ವಾರದಿಂದ ಜನವರಿ ಕೊನೆಯವರೆಗೆ. ಕಿಟಕಿಯಲ್ಲಿಟ್ಟ ಗಿಡ ಮಂಕಾಗಿದ್ದರೆ ಅದು ನಿಮ್ಮ ಆರೈಕೆಯ ಕೊರತೆಯಲ್ಲ. ಗಿಡವೂ ರಜೆಯಲ್ಲಿದೆ.

ಗೇಟು ಹಾಕುವ ಮುನ್ನ

ನೆಲ ಗಟ್ಟಿಯಾಗುವ ಮೊದಲು, ನವೆಂಬರ್‌ನ ಒಂದು ವಾರಾಂತ್ಯದಲ್ಲಿ ಮುಗಿಸಬಹುದಾದ ಕೆಲಸಗಳಿವು. ಪೈಪಿನ ನೀರು ಖಾಲಿ ಮಾಡಿ ಒಳಗಿಡಿ. ಮಣ್ಣಿನ ಕುಂಡಗಳನ್ನು ಗ್ಯಾರೇಜಿಗೆ ಸಾಗಿಸಿ, ಇಲ್ಲದಿದ್ದರೆ ಒದ್ದೆ ಮಣ್ಣು ಹೆಪ್ಪುಗಟ್ಟಿ ಉಬ್ಬಿ ಕುಂಡ ಬಿರಿಯುತ್ತದೆ. ಎಳೆಯ ಹಣ್ಣಿನ ಗಿಡಗಳ ಕಾಂಡಕ್ಕೆ ತಂತಿ ಬಲೆ ಸುತ್ತಿ. ಸ್ನೋ ಬಿದ್ದ ಮೇಲೆ ಮೊಲಗಳಿಗೆ ತಿನ್ನಲು ತೊಗಟೆ ಬಿಟ್ಟು ಬೇರೆ ಸಿಗುವುದಿಲ್ಲ.

ಉಳಿದದ್ದನ್ನು ಬಿಟ್ಟುಬಿಡಿ. ಇದು ಸೋಮಾರಿಗಳ ಸಬೂಬಲ್ಲ. ಒಣಗಿದ ಹೂಗೊಂಚಲಿನ ಬೀಜ ಗೋಲ್ಡ್‌ಫಿಂಚ್ ಹಕ್ಕಿಗಳಿಗೆ ಊಟ. ಟೊಳ್ಳು ಕಾಂಡಗಳಲ್ಲಿ ಇಲ್ಲಿನ ಸ್ಥಳೀಯ ಜೇನುನೊಣಗಳ ಮರಿಗಳು ಚಳಿಗಾಲ ಕಳೆಯುತ್ತವೆ. ಪಾತಿಯ ಮೇಲೆ ಬಿದ್ದ ಎಲೆ ಮಣ್ಣಿಗೆ ಹೊದಿಕೆ. ಟೊಮೆಟೊದಂತಹ ಗಿಡಕ್ಕೆ ರೋಗ ತಗುಲಿದ್ದರೆ ಮಾತ್ರ ಅದನ್ನು ಕಿತ್ತು ಹೊರಗೆ ಹಾಕಿ. ಕಾಂಪೋಸ್ಟ್ ತೊಟ್ಟಿ ಕಲ್ಲಾಗಿದೆ ಅಂತ ಚಿಂತೆ ಬೇಡ. ಅಡುಗೆಮನೆಯ ಸಿಪ್ಪೆ ಹಾಕುತ್ತಾ ಇರಿ, ಕರಗಿದಾಗ ಅದು ಮತ್ತೆ ಕೆಲಸ ಶುರು ಮಾಡುತ್ತದೆ. ಪಾತಿಯ ಮೇಲೆ ಸ್ನೋ ಬಿದ್ದರೆ ತೆಗೆಯಬೇಡಿ, ಅದೇ ಬೇರುಗಳಿಗೆ ಕಂಬಳಿ. ದಾರಿಗೆ ಹಾಕುವ ಉಪ್ಪು ಕಲೆತ ಸ್ನೋವನ್ನು ಮಾತ್ರ ಗಿಡಗಳ ಬುಡಕ್ಕೆ ಎತ್ತಿ ಹಾಕಬೇಡಿ.

ಸಂಕ್ರಾಂತಿಯವರೆಗೆ: ಕರಿಬೇವೊಂದನ್ನು ಉಳಿಸಿಕೊಳ್ಳಿ ಸಾಕು

ಈ ಎರಡು ತಿಂಗಳಲ್ಲಿ ಬೀಜದ ಅಂಗಡಿಗಳ ಪುಟ ತೆರೆಯಬೇಡಿ, ಪಾತಿಗಳ ನಕ್ಷೆ ಬರೆಯಬೇಡಿ. ಬೆನ್ನು, ಮಂಡಿ, ಅಂಗೈ ಎಲ್ಲಕ್ಕೂ ಬಿಡುವು ಬೇಕು. ಹೋದ ಬೇಸಿಗೆಯ ಬೇಸರಗಳೂ ಸ್ವಲ್ಪ ತಣ್ಣಗಾಗಬೇಕು. ಅಕ್ಟೋಬರ್‌ನಲ್ಲಿ “ಇನ್ನು ಹಾಗಲಕಾಯಿ ಸಹವಾಸವೇ ಬೇಡ” ಅಂದವರು ಜನವರಿಯಲ್ಲಿ ಮೂರು ತಳಿಯ ಹಾಗಲ ಬೀಜ ತರಿಸುತ್ತಾರೆ. ಅದಕ್ಕೇ ನಡುವೆ ಒಂದಿಷ್ಟು ಅಂತರ ಇರಲಿ ಅನ್ನುವುದು.

ಆದರೆ ಕರಿಬೇವಿಗೆ ರಜೆಯಿಲ್ಲ, ಅಲ್ವಾ? ಹಿಮದ ನಾಡಿನ ಕನ್ನಡಿಗರ ಮನೆಯಲ್ಲಿ ಮಗುವಿನಷ್ಟೇ ಜೋಪಾನವಾಗಿ ಇರುವುದು ಆ ಕುಂಡ. ಅದು ಚಳಿಗಾಲದಲ್ಲಿ ಸಾಯುವುದು ಬಹುತೇಕ ಅತಿಯಾದ ಪ್ರೀತಿಯಿಂದ. ಹೀಗೆ ನೋಡಿಕೊಳ್ಳಿ:

- ರಾತ್ರಿ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗಲೇ ಒಳಗೆ ತನ್ನಿ. ಸೆಪ್ಟೆಂಬರ್ ಕೊನೆ ಒಳ್ಳೆಯ ಸಮಯ. ತರುವ ಮೊದಲು ಎಲೆಗಳ ಎರಡೂ ಬದಿ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ.
- ದಕ್ಷಿಣದ ಕಿಟಕಿಯ ಬಳಿ ಇಡಿ. ಹೀಟರ್‌ನ ಬಿಸಿಗಾಳಿ ನೇರವಾಗಿ ತಾಗಬಾರದು.
- ಎಲೆ ಹಳದಿಯಾಗಿ ಉದುರಿದರೆ ಗಾಬರಿ ಬೇಡ. ಬೆಳಕು ಕಮ್ಮಿಯಾದಾಗ ಅದು ಹಾಗೇ ಮಾಡುತ್ತದೆ. ಬೋಳಾದ ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ.
- ಬೆರಳು ಮಣ್ಣಿಗೆ ಎರಡು ಗೆಣ್ಣು ಇಳಿಸಿ. ಅಲ್ಲಿಯವರೆಗೆ ಒಣಗಿದ್ದರೆ ಮಾತ್ರ ನೀರು. ಎಲೆ ಉದುರಿದ ಗಿಡ ಹೆಚ್ಚು ನೀರು ಕುಡಿಯುವುದಿಲ್ಲ. ಮಜ್ಜಿಗೆ, ಅಕ್ಕಿ ತೊಳೆದ ನೀರು, ಗೊಬ್ಬರ ಯಾವುದೂ ಮಾರ್ಚ್‌ವರೆಗೆ ಬೇಡ.
- ಎಲೆ ಅಂಟಂಟಾದರೆ ಶಲ್ಕ ಕೀಟ ಬಂದಿದೆ. ಕಾಂಡದ ಮೇಲೆ ಕಂದು ಚುಕ್ಕೆಗಳಂತೆ ಕೂತಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಿ ತೆಗೆಯಿರಿ. ಸಣ್ಣ ಜೇಡರಬಲೆಯಂತೆ ಕಂಡರೆ ನುಸಿ. ಒಣ ಗಾಳಿಯೇ ಅದಕ್ಕೆ ಕಾರಣ. ವಾರಕ್ಕೊಮ್ಮೆ ಬಾತ್‌ರೂಮಿನ ಶವರ್‌ನಲ್ಲಿ ಸ್ನಾನ ಮಾಡಿಸಿ.
- ಮಾರ್ಚ್ ಆರಂಭದಲ್ಲಿ ತುದಿ ಕತ್ತರಿಸಿ. ಬೆಳಕು ಏರುತ್ತಿದ್ದಂತೆ ಕೆಳಗಿನಿಂದ ಕವಲೊಡೆಯುತ್ತದೆ.

ಇನ್ನೊಂದು ಮಾತು. ರಜೆಗೆ ಫ್ಲೋರಿಡಾಕ್ಕೆ ಹೋದವರು ಅಲ್ಲಿಂದ ಕರಿಬೇವಿನ ಗಿಡ ತರಬೇಡಿ. ಕಿತ್ತಳೆ, ನಿಂಬೆ ತೋಟಗಳನ್ನು ಹಾಳು ಮಾಡುವ ಗ್ರೀನಿಂಗ್ ರೋಗವನ್ನು ಹರಡುವ ಸಿಲ್ಲಿಡ್ ಎಂಬ ಸಣ್ಣ ಕೀಟಕ್ಕೆ ಕರಿಬೇವೂ ಆಶ್ರಯ. ಆ ಕೀಟ ಫ್ಲೋರಿಡಾದಲ್ಲಿ 1998ರಲ್ಲಿ ಕಾಣಿಸಿತು, ರೋಗ 2005ರಲ್ಲಿ. ಅಲ್ಲಿಂದ ಮತ್ತು ಕೀಟವಿರುವ ಬೇರೆ ರಾಜ್ಯಗಳಿಂದ ಗಿಡ ಸಾಗಿಸಲು ನಿರ್ಬಂಧವಿದೆ. ಊರಿನಿಂದ ಬರುವಾಗ ಪೆಟ್ಟಿಗೆಯಲ್ಲಿ ಹಸಿ ಕರಿಬೇವಿನ ಎಲೆ ತರುವುದಕ್ಕೂ ಇದೇ ಕಾರಣಕ್ಕೆ ಬಿಡುವುದಿಲ್ಲ.

ಮಲ್ಲಿಗೆಗೂ ಹೆಚ್ಚುಕಮ್ಮಿ ಇದೇ ಆರೈಕೆ. ತುಳಸಿ ಬೇರೆ. ತುಳಸಿ ಹಬ್ಬ ಬರುವ ಹೊತ್ತಿಗೆ ಇಲ್ಲಿ ಹೊರಗಿನ ತುಳಸಿ ಕಪ್ಪಾಗಿರುತ್ತದೆ. ಹಬ್ಬಕ್ಕೆ ಬೇಕಾದ ಕುಂಡವನ್ನು ಮೊದಲೇ ಒಳಗೆ ತನ್ನಿ. ಹಬ್ಬ ಮುಗಿದ ಮೇಲೆ ಅದನ್ನು ಬದುಕಿಸಲು ಒದ್ದಾಡುವ ಬದಲು ಒಣಗಿದ ಕದಿರುಗಳನ್ನು ಕಾಗದದ ಕವರಿಗೆ ಉದುರಿಸಿಕೊಳ್ಳಿ. ಒಂದು ಕದಿರಿನ ಬೀಜದಿಂದ ಮೇ ತಿಂಗಳಿಗೆ ಬೀದಿಗೆಲ್ಲ ಹಂಚುವಷ್ಟು ಸಸಿ ಸಿಗುತ್ತದೆ.

ಕೈಗೆ ಏನಾದರೂ ಬೇಕೇ ಬೇಕು ಅನ್ನುವವರು ಅಡುಗೆಮನೆಯ ಕಿಟಕಿಯಲ್ಲಿ ಮೆಂತ್ಯ ಹಾಕಿ. ಚಪ್ಪಟೆ ಡಬ್ಬಿಯಲ್ಲಿ ಎರಡು ಬೆರಳು ಮಣ್ಣು, ರಾತ್ರಿ ನೆನೆಸಿದ ಮೆಂತ್ಯದ ಕಾಳು ಒತ್ತೊತ್ತಾಗಿ. ಎರಡು ವಾರದೊಳಗೆ ಎಳೆ ಸೊಪ್ಪು ಕತ್ತರಿಸಬಹುದು. ಇದಕ್ಕೆ ಬೆಳಕು ಕಡಿಮೆ ಸಾಕು, ಯಾಕೆಂದರೆ ಅದು ಕಾಳಿನೊಳಗಿನ ಶಕ್ತಿಯಿಂದಲೇ ಬೆಳೆಯುವುದು.

ಹಸಿರು ನೋಡಲು ಹೊರಗೆ ಹೋಗಿ

ಜನವರಿಯ ಮಬ್ಬು ಮನಸ್ಸಿಗೆ ಇಳಿದಾಗ ಗಾರ್‌ಫೀಲ್ಡ್ ಪಾರ್ಕ್ ಕನ್ಸರ್ವೇಟರಿಗೆ ಹೋಗಿ ಬನ್ನಿ. ಭೂದೃಶ್ಯ ವಿನ್ಯಾಸಕಾರ ಯೆನ್ಸ್ ಯೆನ್ಸೆನ್ ರೂಪಿಸಿದ ಈ ಗಾಜಿನ ಮನೆ 1908ರಲ್ಲಿ ತೆರೆಯಿತು. ಒಳಗೆ ಕಾಲಿಟ್ಟ ಕೂಡಲೇ ಕನ್ನಡಕ ಮಬ್ಬಾಗುತ್ತದೆ, ಒದ್ದೆ ಮಣ್ಣಿನ ವಾಸನೆ ಬರುತ್ತದೆ. ಜರೀಗಿಡಗಳ ಕೋಣೆಯಲ್ಲಿ ಒಂದು ಗಂಟೆ ಸುಮ್ನೆ ಕೂತರೆ ಮಲೆನಾಡಿನವರಿಗೆ ಆಗಸ್ಟ್ ತಿಂಗಳ ತೀರ್ಥಹಳ್ಳಿ ನೆನಪಾಗದೆ ಇರುವುದಿಲ್ಲ. ಗ್ಲೆನ್‌ಕೋದಲ್ಲಿರುವ ಚಿಕಾಗೋ ಬೊಟಾನಿಕ್ ಗಾರ್ಡನ್ 385 ಎಕರೆಯದು. ಅಲ್ಲೂ ಬಿಸಿ ಹಸಿರುಮನೆಗಳಿವೆ, ಫೆಬ್ರವರಿ ಮಾರ್ಚ್ ಸುಮಾರಿಗೆ ಆರ್ಕಿಡ್ ಪ್ರದರ್ಶನ ಇರುತ್ತದೆ.

ಹೂ ನೋಡುವುದರ ಜೊತೆಗೆ ಇನ್ನೊಂದನ್ನು ನೋಡಿ ಅನ್ನುತ್ತೇನೆ. ಹೊರಗಿನ ಬೋಳು ತೋಟವನ್ನು. ಬೇಸಿಗೆಯಲ್ಲಿ ಎಲೆ ಮುಚ್ಚಿದ್ದ ದಾರಿಯ ತಿರುವು, ಕಲ್ಲಿನ ಅಂಚು, ಮರದ ತೊಗಟೆಯ ಬಣ್ಣ, ಯಾವ ಗಿಡದ ಪಕ್ಕ ಯಾವುದನ್ನು ಇಟ್ಟಿದ್ದಾರೆ ಅನ್ನುವುದು ಚಳಿಗಾಲದಲ್ಲಿ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಮನೆಗೆ ಬಂದು ನಿಮ್ಮ ಹಿತ್ತಲನ್ನೂ ಮಹಡಿಯ ಕಿಟಕಿಯಿಂದ ಹಾಗೇ ನೋಡಿ. ಸ್ನೋ ಎಲ್ಲಿ ಮೊದಲು ಕರಗುತ್ತದೆ? ಆ ಜಾಗ ವಸಂತದಲ್ಲೂ ಬೇಗ ಬೆಚ್ಚಗಾಗುತ್ತದೆ. ಮೊದಲ ಪಾಲಕ್ ಅಲ್ಲಿಗೆ.

ಈ ಸಮಯಕ್ಕೆ ಊರಿಗೆ ಹೋಗುವವರು ಗಣರಾಜ್ಯೋತ್ಸವದ ಹೊತ್ತಿನ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ, ಬೇಡ ಅನ್ನುವುದಿಲ್ಲ. ಆದರೆ ನಮ್ಮಂಥವರಿಗೆ ಹೆಚ್ಚು ಕೆಲಸಕ್ಕೆ ಬರುವುದು ಯಾರದ್ದಾದರೂ ಮನೆಯ ಮಹಡಿ ತೋಟ. ಕುಂಡದಲ್ಲಿ, ಬಕೆಟ್‌ನಲ್ಲಿ, ಅಕ್ಕಿ ಚೀಲದಲ್ಲಿ ಬಸಳೆ ಚಪ್ಪರ ಹಬ್ಬಿಸಿರುತ್ತಾರೆ. ಇಲ್ಲಿನ ಡೆಕ್‌ಗೆ ಹೊಂದುವ ಉಪಾಯಗಳು ಅಲ್ಲೇ ಸಿಗುವುದು.

ಸಂಕ್ರಾಂತಿ ಆದ ಮೇಲೆ: ಹೋದ ವರ್ಷವನ್ನು ಬಿಚ್ಚಿ ನೋಡಿ

ಡೈರಿ ಬರೆಯುವ ಅಭ್ಯಾಸ ಇಲ್ಲದಿದ್ದರೆ ಫೋನಿನ ಫೋಟೊಗಳೇ ಸಾಕು. ಮೇ ತಿಂಗಳಿಂದ ಅಕ್ಟೋಬರ್‌ವರೆಗಿನ ತೋಟದ ಫೋಟೊಗಳನ್ನು ತಾರೀಕಿನ ಪ್ರಕಾರ ನೋಡುತ್ತಾ ಹೋಗಿ. ಯಾವ ಗಿಡ ಯಾವ ವಾರ ಹೂ ಬಿಟ್ಟಿತು, ಮೊದಲ ಕಾಯಿ ಯಾವಾಗ, ಎಲೆ ಯಾವಾಗ ಬಿಳಿಯಾಯಿತು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಆಮೇಲೆ ಮನೆಯವರನ್ನು ಕೇಳಿ, ನಿಜವಾಗಿ ತಿಂದದ್ದು ಯಾವುದು ಅಂತ. ಸೋರೆಕಾಯಿ ಬೀದಿಯವರಿಗೆಲ್ಲ ಹಂಚಿ, ಹರಿವೆ ಸೊಪ್ಪನ್ನು ಅಂಗಡಿಯಿಂದ ತಂದಿದ್ದರೆ ಈ ವರ್ಷ ಏನು ಬದಲಾಗಬೇಕು ಅನ್ನುವುದು ತಾನೇ ಗೊತ್ತಾಗುತ್ತದೆ.

ಈ ಹಾಳೆಯಲ್ಲಿ ಬಹುತೇಕ ಕನ್ನಡಿಗರ ಮನೆಯಲ್ಲಿ ಒಂದು ದೂರು ಇದ್ದೇ ಇರುತ್ತದೆ. ಅವರೆ ಬಳ್ಳಿ ಬೇಲಿ ತುಂಬ ಹಬ್ಬಿತು, ಒಂದು ಹೂ ಬಿಡಲಿಲ್ಲ. ಗೊಬ್ಬರ ಜಾಸ್ತಿ ಆಯ್ತು ಅಂತ ಒಬ್ಬರು, ಮಣ್ಣು ಸರಿಯಿಲ್ಲ ಅಂತ ಇನ್ನೊಬ್ಬರು. ಅಸಲು ಕಾರಣ ಹಗಲಿನ ಉದ್ದ. ನಮ್ಮ ನಾಟಿ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುವ ಗಿಡ. ಊರಲ್ಲಿ ಮಳೆಗಾಲದಲ್ಲಿ ಬಿತ್ತಿದರೂ ಕಾಯಿ ಬರುವುದು ಚಳಿಗಾಲಕ್ಕೆ, ಅದಕ್ಕೇ ಡಿಸೆಂಬರ್‌ನಲ್ಲಿ ಆ ರಾಶಿ. ಚಿಕಾಗೋದಲ್ಲಿ ಜೂನ್‌ನ ಹಗಲು 15 ಗಂಟೆ. ಅದು 12 ಗಂಟೆಗೆ ಇಳಿಯುವುದು ಸೆಪ್ಟೆಂಬರ್ ಕೊನೆಗೆ. ಆಗ ಮೊಗ್ಗು ಮೂಡುತ್ತದೆ, ಅಷ್ಟರಲ್ಲಿ ಫ್ರಾಸ್ಟ್ ಬಂದು ಮುಗಿಸುತ್ತದೆ. ಎಷ್ಟು ಗೊಬ್ಬರ ಹಾಕಿದರೂ ಇದು ಬದಲಾಗದು. ಬೀಜವೇ ಬದಲಾಗಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳು ಹಗಲಿನ ಉದ್ದಕ್ಕೆ ಕಾಯುವುದಿಲ್ಲ. ಬಳ್ಳಿಯಾಗದೆ ಗಿಡ್ಡವಾಗಿ ಬೆಳೆದು ಬೇಸಿಗೆಯಲ್ಲೇ ಕಾಯಿ ಕೊಡುತ್ತವೆ. ಸೊಗಡು ಮಾತ್ರ ನಾಟಿಯಷ್ಟು ಇರುವುದಿಲ್ಲ. ಅದಕ್ಕೆ ಇಂಡಿಯನ್ ಸ್ಟೋರಿನ ಫ್ರೋಜನ್ ಅವರೆಕಾಳೇ ಗತಿ.

ಈರುಳ್ಳಿಗೂ ಇದೇ ಕಥೆ, ತಿರುವುಮುರುವಾಗಿ. ದಕ್ಷಿಣದ ತಳಿಗಳು ಇಲ್ಲಿನ ಉದ್ದ ಹಗಲಿಗೆ ಗಿಡ ಬಲಿಯುವ ಮೊದಲೇ ಗಡ್ಡೆ ಕಟ್ಟಿಬಿಡುತ್ತವೆ, ಗೋಲಿಯಷ್ಟು. ಉದ್ದ ಹಗಲಿನ ತಳಿ ಅಂತ ಬರೆದಿರುವುದನ್ನೇ ಕೊಳ್ಳಿ.

ಬೀಜದ ಡಬ್ಬಿ ಮತ್ತು ಕ್ಯಾಟಲಾಗ್

ಹೊಸದು ಕೊಳ್ಳುವ ಮೊದಲು ಹಳೆಯದನ್ನು ಪರೀಕ್ಷಿಸಿ. ಹತ್ತು ಬೀಜ ಎಣಿಸಿ ಒದ್ದೆ ಟಿಶ್ಯೂ ಪೇಪರಿನಲ್ಲಿ ಸುತ್ತಿ, ಜಿಪ್ ಕವರಿಗೆ ಹಾಕಿ, ಫ್ರಿಜ್ ಮೇಲೆ ಬೆಚ್ಚಗಿಡಿ. ಹತ್ತು ದಿನದಲ್ಲಿ ಏಳೆಂಟು ಮೊಳೆತರೆ ಚಿಂತೆಯಿಲ್ಲ. ನಾಲ್ಕೈದು ಮೊಳೆತರೆ ಬಿತ್ತುವಾಗ ಎರಡರಷ್ಟು ಹಾಕಿ. ಮೆಣಸಿನಕಾಯಿ, ಬದನೆಗೆ ಇನ್ನೊಂದು ವಾರ ಕಾಯಿರಿ. ಈರುಳ್ಳಿ ಬೀಜ ಒಂದೆರಡು ವರ್ಷಕ್ಕೇ ಸೋಲುತ್ತದೆ. ಟೊಮೆಟೊ, ಸೌತೆ ನಾಲ್ಕೈದು ವರ್ಷ ಬಾಳುತ್ತವೆ. ಬೀಜ ಕೂಡಿಡಲು ಹಳೆಯ ಸೂತ್ರವೊಂದಿದೆ: ಫ್ಯಾರನ್‌ಹೀಟ್ ಉಷ್ಣತೆ ಮತ್ತು ಗಾಳಿಯ ತೇವಾಂಶದ ಶೇಕಡಾವಾರು, ಎರಡನ್ನೂ ಕೂಡಿದರೆ 100ಕ್ಕಿಂತ ಕಡಿಮೆ ಇರಬೇಕು. ಬಿಗಿ ಮುಚ್ಚಳದ ಗಾಜಿನ ಬಾಟಲಿ, ಒಳಗೊಂದು ಸಿಲಿಕಾ ಜೆಲ್ ಪೊಟ್ಟಣ, ಫ್ರಿಜ್‌ನ ಮೂಲೆ. ಅಷ್ಟು ಸಾಕು.

ಕ್ಯಾಟಲಾಗ್‌ಗಳನ್ನು ಅಂಚೆಯಲ್ಲೇ ತರಿಸಿ ಓದಿ, ಸಾಧ್ಯವಾದರೆ ಹಾಸಿಗೆಯಲ್ಲಿ. ಅಯೋವಾದ ಡೆಕೋರಾ ಊರಿನ ಸೀಡ್ ಸೇವರ್ಸ್ ಎಕ್ಸ್‌ಚೇಂಜ್ 1975ರಲ್ಲಿ ಶುರುವಾಯಿತು. ಬವೇರಿಯಾದಿಂದ ವಲಸೆ ಬಂದ ಕುಟುಂಬವೊಂದು ಜೊತೆಗೆ ತಂದಿದ್ದ ಟೊಮೆಟೊ ಮತ್ತು ಒಂದು ಹೂಬಳ್ಳಿಯ ಬೀಜಗಳೇ ಅದರ ಮೂಲ. ಕಿಟಾಜಾವಾ ಬೀಜದ ಕಂಪನಿಯನ್ನು 1917ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದವರು ಜಪಾನಿನಿಂದ ಬಂದವರು. ಎರಡನೇ ಮಹಾಯುದ್ಧದಲ್ಲಿ ಆ ಕುಟುಂಬವನ್ನು ಶಿಬಿರಕ್ಕೆ ಕಳಿಸಿದಾಗ ಕಂಪನಿ ಮುಚ್ಚಿತು, ಯುದ್ಧದ ನಂತರ ಮತ್ತೆ ತೆರೆಯಿತು. ಏಷ್ಯಾದ ತರಕಾರಿಗಳ ಬೀಜಕ್ಕೆ ಆ ಹೆಸರು ಇಂದಿಗೂ ಪ್ರಸಿದ್ಧ. ಪೆಟ್ಟಿಗೆಯಲ್ಲಿ ಬೀಜ ತುಂಬಿಕೊಂಡು ಬಂದವರಲ್ಲಿ ನಾವೇ ಮೊದಲಿನವರಲ್ಲ.

ಪೆಟ್ಟಿಗೆಯ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಅಮ್ಮ ಕಟ್ಟಿಕೊಟ್ಟ ಬೀಜವನ್ನು ಸೀರೆ ಮಡಿಕೆಯಲ್ಲಿ ಅಡಗಿಸಿ ತರುವುದು ಬೇಡ. ಸಿಕ್ಕಿಬಿದ್ದರೆ ದಂಡ ಬೀಳಬಹುದು, ಬೀಜವಂತೂ ಹೋಗುತ್ತದೆ. ಅಮೆರಿಕದ ಕೃಷಿ ಇಲಾಖೆಯಲ್ಲಿ ಗಿಡ, ಪ್ರಾಣಿಗಳ ತಪಾಸಣೆ ನೋಡಿಕೊಳ್ಳುವ ಏಫಿಸ್ (APHIS) ವಿಭಾಗ ಸಣ್ಣ ಪ್ರಮಾಣದ ಬೀಜಕ್ಕೆಂದೇ ಪರವಾನಗಿ ಕೊಡುತ್ತದೆ. ಒಂದು ಪೊಟ್ಟಣದಲ್ಲಿ ಒಂದೇ ಜಾತಿಯ ಬೀಜ, ಹೆಚ್ಚೆಂದರೆ 50 ಬೀಜ ಅಥವಾ 10 ಗ್ರಾಂ. ಒಟ್ಟು 50 ಪೊಟ್ಟಣದವರೆಗೆ. ಮೇಲೆ ವೈಜ್ಞಾನಿಕ ಹೆಸರು ಬರೆದಿರಬೇಕು, ಮಣ್ಣು ಕಸ ಇರಬಾರದು, ಕೀಟನಾಶಕ ಸವರಿರಬಾರದು. ಅಂಗಡಿಯಲ್ಲಿ ಸಿಗುವ ಬಣ್ಣ ಬಳಿದ ಬೀಜ ಈ ಕಾರಣಕ್ಕೇ ನಡೆಯುವುದಿಲ್ಲ. ಯಾವ ಜಾತಿಗೆ ಬೇರೆ ನಿರ್ಬಂಧವಿದೆ ಅನ್ನುವುದನ್ನು ಅರ್ಜಿ ಹಾಕುವಾಗಲೇ ನೋಡಿಕೊಳ್ಳಿ. ವಿಮಾನ ಹತ್ತುವುದಕ್ಕೆ ಸಾಕಷ್ಟು ಮೊದಲೇ ಅರ್ಜಿ ಹಾಕಿ. ಕೆನಡಾದವರಿಗೆ ನಿಯಮ ಬೇರೆ.

ಇದಕ್ಕಿಂತ ಸುಲಭದ ದಾರಿ ಇಲ್ಲೇ ಹಂಚಿಕೊಳ್ಳುವುದು. ಅಮೆರಿಕದಲ್ಲಿ ಜನವರಿಯ ಕೊನೆಯ ಶನಿವಾರವನ್ನು ಬೀಜ ವಿನಿಮಯದ ದಿನವಾಗಿ ಆಚರಿಸುತ್ತಾರೆ. ಎಷ್ಟೋ ಗ್ರಂಥಾಲಯಗಳು ಅಂದು ಮೇಜು ಹಾಕುತ್ತವೆ. ನಮಗೆ ಅದಕ್ಕೂ ಮೊದಲೇ ಸಂಕ್ರಾಂತಿ ಇದೆಯಲ್ಲ? ಎಳ್ಳು ಬೀರುವ ತಟ್ಟೆಯ ಪಕ್ಕದಲ್ಲಿ ಬೀಜದ ತಟ್ಟೆಯನ್ನೂ ಇಡಿ. ಇಲ್ಲೇ ನಾಲ್ಕಾರು ಬೇಸಿಗೆ ಕಂಡು ಕಾಯಿ ಬಿಟ್ಟ ಬಳ್ಳಿಯ ಬೀಜ ಊರಿನ ಹೊಸ ಬೀಜಕ್ಕಿಂತ ಎಷ್ಟೋ ವಾಸಿ. ಪೊಟ್ಟಣದ ಮೇಲೆ ತಳಿ, ವರ್ಷ, ಯಾವ ಊರಲ್ಲಿ ಬೆಳೆದದ್ದು ಅಂತ ಬರೆದು ಕೊಡಿ.

ಮತ್ತೆ ಶುರು ಮಾಡುವುದು ಯಾವಾಗ

ಫೆಬ್ರವರಿಯಲ್ಲಿ ತಡೆಯಲಾಗದವರಿಗೆ ಒಂದು ಆಟವಿದೆ. ಮಸುಕು ಪ್ಲಾಸ್ಟಿಕ್‌ನ ಹಾಲಿನ ಕ್ಯಾನ್ ತೆಗೆದುಕೊಳ್ಳಿ. ಹಿಡಿಕೆಯ ಕೆಳಭಾಗದಲ್ಲಿ ಸುತ್ತ ಕತ್ತರಿಸಿ, ಒಂದು ಕಡೆ ಮಾತ್ರ ಅಂಟಿಕೊಂಡಿರುವಂತೆ ಬಿಡಿ. ತಳಕ್ಕೆ ತೂತು ಮಾಡಿ ನಾಲ್ಕು ಬೆರಳು ಒದ್ದೆ ಮಣ್ಣು ತುಂಬಿ. ಸಬ್ಬಸಿಗೆ, ಕೊತ್ತಂಬರಿ, ಪಾಲಕ್ ಬೀಜ ಉದುರಿಸಿ ಟೇಪ್ ಸುತ್ತಿ, ಮೇಲಿನ ಬಿರಡೆ ತೆಗೆದು, ಸ್ನೋದಲ್ಲೇ ಹೊರಗಿಡಿ. ಅವು ತಮ್ಮ ಸಮಯ ನೋಡಿಕೊಂಡು ಮೊಳೆಯುತ್ತವೆ. ಬೆಂಡೆ, ಹೀರೆಗೆ ಈ ಉಪಾಯ ನಡೆಯದು.

ಉಳಿದವುಗಳಿಗೆ ಮೇ 15ರಿಂದ ಹಿಂದಕ್ಕೆ ಎಣಿಸಿ. ಮೆಣಸಿನಕಾಯಿ 10 ವಾರ ಮೊದಲು, ಅಂದರೆ ಮಾರ್ಚ್ ಮೊದಲ ವಾರ. ಬದನೆ ಮಾರ್ಚ್ ಮಧ್ಯ. ಎರಡಕ್ಕೂ ಮೊಳೆಯಲು 25ರಿಂದ 30 ಡಿಗ್ರಿ ಸೆಲ್ಸಿಯಸ್ ಬೆಚ್ಚಗೆ ಬೇಕು, ಮೊಳೆತ ಮೇಲೆ ದೀಪ ಬೇಕು. ಕಿಟಕಿಯ ಬೆಳಕನ್ನೇ ನಂಬಿದರೆ ಸಸಿ ಕತ್ತು ಚಾಚುತ್ತದೆ. ಟೊಮೆಟೊ ಏಪ್ರಿಲ್ ಆರಂಭದಲ್ಲಿ. ಹೀರೆ, ಪಡವಲ, ಹಾಗಲ, ಸೋರೆಗೆ ಅವಸರವೇ ಬೇಡ, ಏಪ್ರಿಲ್ ಮೂರನೇ ವಾರ ಸಾಕು. ಅವುಗಳ ಬೇರು ಕದಲಿಸಿದರೆ ಮುನಿಸಿಕೊಳ್ಳುತ್ತವೆ, ಹಾಗಾಗಿ ಕಾಗದದ ಲೋಟದಲ್ಲೇ ಬೆಳೆಸಿ ಲೋಟದ ತಳ ಹರಿದು ನೆಡಿ. ಮೇ ಕೊನೆಯ ಮೆಮೋರಿಯಲ್ ಡೇ ರಜೆಗೆ ಹೊರಗೆ ನೆಟ್ಟರೂ ತಡವೇನಲ್ಲ. ಬೆಂಡೆಯನ್ನು ಆ ವಾರವೇ ನೇರವಾಗಿ ಪಾತಿಗೆ ಹಾಕಬಹುದು, ಬೀಜವನ್ನು ಹಿಂದಿನ ರಾತ್ರಿ ನೆನೆಸಿಡಿ.